ಕ್ಲೌಡ್ ಖರ್ಚಿಗೆ ಯಾವ ಮೆಟ್ರಿಕ್, ಯಾವ ಟೂಲ್? ಬ್ಯಾಡಗಿಯ ಸೋಮವಾರದಿಂದ ಕಪ್ಪತಗುಡ್ಡದ ಗಾಳಿಯಂತ್ರದವರೆಗೆ ಒಂದು ಹೋಲಿಕೆ

ತಿಂಗಳ ಮೊದಲ ವಾರ ಕ್ಲೌಡ್ ಬಿಲ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಪಡೆದ ಸರ್ವರ್‌ಗಳ ಬಿಲ್) ಬಂದಾಗ ಹುಬ್ಬಳ್ಳಿಯ ಸಣ್ಣ ಸಾಫ್ಟ್‌ವೇರ್ ಕಂಪನಿಗಳ ಮಾಲೀಕರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಸರ್ವರ್ ಸಣ್ಣದ ಮಾಡಾಕ ಬರಂಗಿಲ್ಲೇನು?” ಎಂಜಿನಿಯರ್ ಡ್ಯಾಶ್‌ಬೋರ್ಡ್ ತೆಗೆದು ಸಿಪಿಯು ಬಳಕೆ ಶೇ. 10 ಎಂದು ತೋರಿಸುತ್ತಾರೆ. ಇಬ್ಬರೂ ಒಪ್ಪಿ ಯಂತ್ರವನ್ನು ಅರ್ಧಕ್ಕೆ ಇಳಿಸುತ್ತಾರೆ. ಮುಂದಿನ ಸೋಮವಾರ ಬ್ಯಾಡಗಿ ಮೆಣಸಿನಕಾಯಿ ಪೇಟೆಯ ದಲ್ಲಾಳಿ ಅಂಗಡಿಯಿಂದ ಸಾಫ್ಟ್‌ವೇರ್ ನಿಂತಿತೆಂದು ಫೋನ್ ಬರುತ್ತದೆ. ಆ ಶೇ. 10 ಲೆಕ್ಕದಲ್ಲಿ ಸರಿಯೇ ಇತ್ತು. ಸೋಮವಾರದ ಬಗ್ಗೆ ಮಾತ್ರ ಅದು ಏನೂ ಹೇಳಿರಲಿಲ್ಲ.

ಇಬ್ಬರಿಂದ ಹತ್ತು-ಹದಿನೈದು ಜನರ ತಂಡ, ತಿಂಗಳಿಗೆ ಹತ್ತು ಸಾವಿರದಿಂದ ಮೂರ್ನಾಲ್ಕು ಲಕ್ಷ ರೂಪಾಯಿವರೆಗಿನ ಬಿಲ್, ಖರ್ಚು ನೋಡಿಕೊಳ್ಳಲೆಂದೇ ಬೇರೆ ಮನುಷ್ಯ ಇಲ್ಲ: ಅಂಥ ಕಂಪನಿಗಳಿಗೆ ಈ ಹೋಲಿಕೆ. ಬಳಕೆ ಅಳೆದು ತೋರಿಸುವ ಟೂಲ್‌ಗಳಲ್ಲಿ ಗ್ರಾಫಾನಾ ಹಾಕೋಣವೋ, ಅಮೆಜಾನ್ ಕ್ಲೌಡ್‌ನದೇ ಆದ ಕ್ಲೌಡ್‌ವಾಚ್ ಸಾಕೋ ಎಂಬ ಚರ್ಚೆಯಲ್ಲೇ ಹಲವರ ವಾರಗಳು ಕಳೆಯುತ್ತವೆ. ನನ್ನ ಪ್ರಕಾರ ಆ ಪ್ರಶ್ನೆ ಎರಡನೆಯದು. ನಿಮ್ಮ ಲೋಡ್ (ಸರ್ವರ್ ಮೇಲೆ ಬೀಳುವ ಕೆಲಸ) ವಾರದಲ್ಲಿ, ವರ್ಷದಲ್ಲಿ ಹೇಗೆ ಏರಿಳಿಯುತ್ತದೆ ಎಂದು ಮೊದಲು ಹಾಳೆಯ ಮೇಲೆ ಬರೆದುಕೊಂಡರೆ ಯಾವ ಮೆಟ್ರಿಕ್ (ಬಳಕೆಯ ಅಳತೆ) ನಂಬಬೇಕು, ಯಾವ ಟೂಲ್ ಬೇಕು, ಯಾವ ದರದ ಯೋಜನೆ ಕೊಳ್ಳಬೇಕು ಎಂಬ ಮೂರಕ್ಕೂ ದಾರಿ ಸಿಗುತ್ತದೆ. ಉದಾಹರಣೆಗಳು ಹೆಚ್ಚಾಗಿ ಅಮೆಜಾನ್‌ನ ಕ್ಲೌಡ್ ಆದ ಎಡಬ್ಲ್ಯುಎಸ್‌ನವು. ಮೈಕ್ರೋಸಾಫ್ಟ್‌ನ ಅಜೂರ್, ಗೂಗಲ್ ಕ್ಲೌಡ್ ಬೇರೆಯಾಗುವ ಕಡೆ ಹೇಳಿದ್ದೇನೆ.

ನಾಲ್ಕು ಬಗೆಯ ಲೋಡ್

ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆ ವಾರಕ್ಕೆ ಎರಡು ದಿನ, ಸೋಮವಾರ ಮತ್ತು ಗುರುವಾರ. ಜನವರಿಯಿಂದ ಏಪ್ರಿಲ್‌ವರೆಗೆ ಆವಕ ಜೋರು, ಒಂದೇ ದಿನ ಲಕ್ಷ ಚೀಲ ದಾಟುವುದೂ ಉಂಟು. ದಲ್ಲಾಳಿ ಅಂಗಡಿಗಳಿಗೆ ಲಾಟ್ (ಒಟ್ಟಿಗೆ ಮಾರಾಟವಾಗುವ ಚೀಲಗಳ ಗುಂಪು) ನೋಂದಣಿ, ತೂಕ, ರೈತರ ಪಟ್ಟಿ, ಖರೀದಿದಾರರ ಬಿಲ್ ಮಾಡುವ ಸಾಫ್ಟ್‌ವೇರ್ ಕೊಟ್ಟವರ ಸರ್ವರ್ ಆ ಎರಡು ದಿನ ಏದುಸಿರು ಬಿಡುತ್ತದೆ, ಉಳಿದ ಐದು ದಿನ ಮಲಗಿರುತ್ತದೆ. ಆಗಸ್ಟ್‌ನಲ್ಲಂತೂ ಗಾಢ ನಿದ್ದೆ.

ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರ್‌ಗಳದ್ದು ಬೇರೆ ಕಥೆ. ಭಾನುವಾರ ಬೆಳಿಗ್ಗೆ 10ಕ್ಕೆ ಆನ್‌ಲೈನ್ ಮಾಕ್ ಟೆಸ್ಟ್ ಎಂದಿಟ್ಟುಕೊಳ್ಳಿ. 9.58ಕ್ಕೆ ಯಾರೂ ಇಲ್ಲ, 10.00ಕ್ಕೆ ಎಲ್ಲರೂ ಇದ್ದಾರೆ. ಏರುವುದಕ್ಕೆ ಗಂಟೆ ಬೇಕಿಲ್ಲ, ನಿಮಿಷ ಸಾಕು.

ಗದಗದ ಸಹಕಾರ ಸಂಘಗಳ ಲೆಡ್ಜರ್ ಸಾಫ್ಟ್‌ವೇರ್ ಶಾಂತ ಸ್ವಭಾವದ್ದು. ಬೆಳಿಗ್ಗೆ ಹತ್ತರಿಂದ ಸಂಜೆ ಐದೂವರೆವರೆಗೆ ಒಂದೇ ಸಮ ಕೆಲಸ, ಮಾರ್ಚ್ ಕೊನೆಗೆ ಸ್ವಲ್ಪ ಗಡಿಬಿಡಿ. 1905ರಲ್ಲಿ ಕಣಗಿನಹಾಳದಲ್ಲಿ ದೇಶದ ಮೊದಲ ಕೃಷಿ ಸಹಕಾರ ಸಂಘ ಶುರುವಾದ ಜಿಲ್ಲೆಯಿದು. ದಿನವಹಿ ಎಷ್ಟು ನಮೂದು ಬಿತ್ತು ಎಂದು ಬರೆದಿಡುವ ಅಭ್ಯಾಸ ಇಲ್ಲಿನ ಕಾರ್ಯದರ್ಶಿಗಳಿಗೆ ಯಾರೂ ಕಲಿಸಬೇಕಿಲ್ಲ. ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ನಾಲ್ಕನೆಯದು ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳಂಥವು ಕಳಿಸುವ ಡೇಟಾ. ಗಾಳಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋರು. ಆದರೆ ರೆಕ್ಕೆ ತಿರುಗಲಿ ಬಿಡಲಿ, ಸೆನ್ಸರ್ ಮಾತ್ರ 24 ಗಂಟೆಯೂ ತನ್ನ ಲೆಕ್ಕದಂತೆ ಅಂಕಿ ಕಳಿಸುತ್ತಲೇ ಇರುತ್ತದೆ. ಇಲ್ಲಿ ಸಿಪಿಯು ಖರ್ಚು ಕಡಿಮೆ. ದುಡ್ಡು ಹೋಗುವುದು ಡೇಟಾ ಸಾಗಿಸಲು, ಇಟ್ಟುಕೊಳ್ಳಲು.

ಸರಾಸರಿಯೋ, ಗರಿಷ್ಠವೋ, ಪರ್ಸೆಂಟೈಲೋ

ಬ್ಯಾಡಗಿಯ ಸರ್ವರ್‌ನ ಲೆಕ್ಕ ಮಾಡೋಣ. ವಾರಕ್ಕೆ 168 ಗಂಟೆ. ಎರಡು ಪೇಟೆ ದಿನ, ದಿನಕ್ಕೆ 8 ಗಂಟೆ ಎಂದರೆ 16 ಗಂಟೆ, ಅಂದರೆ ಶೇ. 9.5 ಸಮಯ. ಆ ಹೊತ್ತಿನಲ್ಲಿ ಸಿಪಿಯು ಶೇ. 70, ಉಳಿದ ಹೊತ್ತು ಶೇ. 4 ಎಂದಿಟ್ಟುಕೊಂಡರೆ ವಾರದ ಸರಾಸರಿ ಶೇ. 10ರ ಆಸುಪಾಸು. ಮೇಲೆ ಹೇಳಿದ ಡ್ಯಾಶ್‌ಬೋರ್ಡ್ ತೋರಿಸಿದ್ದು ಇದನ್ನೇ.

ಕ್ಲೌಡ್ ಕಂಪನಿಗಳ ಸ್ವಯಂಚಾಲಿತ ಸಲಹೆಗಳೂ ಇಂಥದೇ ಬಲೆಗೆ ಬೀಳುತ್ತವೆ. ಎಡಬ್ಲ್ಯುಎಸ್‌ನ ಟ್ರಸ್ಟೆಡ್ ಅಡ್ವೈಸರ್ ಹಿಂದಿನ 14 ದಿನಗಳಲ್ಲಿ 4 ಅಥವಾ ಹೆಚ್ಚು ದಿನ ಸಿಪಿಯು ದಿನದ ಸರಾಸರಿ ಶೇ. 10ರ ಒಳಗೆ, ನೆಟ್‌ವರ್ಕ್ 5 ಎಂಬಿ ಒಳಗೆ ಇದ್ದರೆ ಆ ಯಂತ್ರಕ್ಕೆ ಕೆಲಸ ಕಡಿಮೆ ಎಂದು ಗುರುತು ಹಾಕುತ್ತದೆ. ಹದಿನಾಲ್ಕು ದಿನದಲ್ಲಿ ಬ್ಯಾಡಗಿಗೆ ಪೇಟೆ ಇಲ್ಲದ ದಿನಗಳೇ ಹತ್ತು. ಇನ್ನೊಂದು ಟೂಲ್ ಕಂಪ್ಯೂಟ್ ಆಪ್ಟಿಮೈಸರ್ ಗರಿಷ್ಠ ಬಳಕೆಯನ್ನೂ ನೋಡುವುದರಿಂದ ವಾಸಿ, ಉಚಿತವೂ ಹೌದು. ಆದರೆ ತಾನಾಗಿ ನೋಡುವುದು ಕಳೆದ 14 ದಿನ ಮಾತ್ರ. 93 ದಿನ ನೋಡಬೇಕೆಂದರೆ ಯಂತ್ರದ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಆಗಸ್ಟ್‌ನಲ್ಲಿ ಅದರ ಸಲಹೆ ಕೇಳಿದರೆ ಅದಕ್ಕೆ ಜನವರಿ ಎಂಬುದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಈ ಟೂಲ್‌ಗಳು ಕೆಟ್ಟವೆಂದು ನಾನು ಹೇಳುತ್ತಿಲ್ಲ. ಅವು ನೋಡುವ ಕಿಟಕಿ ಎಷ್ಟು ದಿನದ್ದು ಎಂದು ತಿಳಿಯದೆ ಸಲಹೆ ಒಪ್ಪಬೇಡಿ.

ಹಾಗಾದರೆ ಯಾವುದು? ಸಹಕಾರ ಸಂಘದಂಥ ಸಮತಟ್ಟು ಲೋಡ್‌ಗೆ ಕೆಲಸದ ಹೊತ್ತಿನ ಸರಾಸರಿ ಸಾಕು, ಆಗ ಸರಾಸರಿಗೂ ಗರಿಷ್ಠಕ್ಕೂ ಹೆಚ್ಚು ಅಂತರ ಇರುವುದಿಲ್ಲ. ಪೇಟೆ ದಿನದ ಲೋಡ್‌ಗೆ ಆ ಎರಡು ದಿನಗಳ ಗಂಟೆಗಳನ್ನಷ್ಟೇ ಬೇರೆ ತೆಗೆದು ಅವುಗಳ 95ನೇ ಪರ್ಸೆಂಟೈಲ್ ನೋಡಿ, ಅಂದರೆ ನೂರರಲ್ಲಿ 95 ಅಳತೆಗಳು ಯಾವ ಮಟ್ಟದೊಳಗೆ ಇವೆ ಎಂಬುದು. ಬರೀ ಗರಿಷ್ಠ ನೋಡಿದರೆ ರಾತ್ರಿಯ ಬ್ಯಾಕಪ್‌ನಿಂದ ಒಂದು ನಿಮಿಷ ಶೇ. 100 ಮುಟ್ಟಿದ್ದಕ್ಕೆ ಹೆದರಿ ದೊಡ್ಡ ಯಂತ್ರ ಇಟ್ಟುಕೊಳ್ಳುತ್ತೀರಿ. ಮಾಕ್ ಟೆಸ್ಟ್‌ಗೆ ಸಿಪಿಯುವನ್ನೇ ಬಿಡಿ. ಪುಟ ತೆರೆಯಲು ಹಿಡಿದ ಸಮಯದ 95ನೇ ಪರ್ಸೆಂಟೈಲ್ ಮತ್ತು ಡೇಟಾಬೇಸ್ ಸಂಪರ್ಕಗಳ ಸಂಖ್ಯೆ, ಇವೆರಡೇ ನಿಜ ಹೇಳುತ್ತವೆ. ಸಾವಿರ ಜನ ಒಟ್ಟಿಗೆ ಬಂದಾಗ ಮೊದಲು ಉಸಿರು ಕಟ್ಟುವುದು ಡೇಟಾಬೇಸ್‌ಗೆ. ವೆಬ್ ಸರ್ವರ್‌ನ ಸಿಪಿಯು ಆಗಲೂ ಆರಾಮಾಗಿ ಕೂತಿರುತ್ತದೆ.

ಮೆಮೊರಿಯ ಮಾತು ಬೇರೆಯಾಗಿಯೇ ಹೇಳಬೇಕು. ಎಡಬ್ಲ್ಯುಎಸ್‌ನ ಇಸಿ2 ಯಂತ್ರದ (ಬಾಡಿಗೆ ಸರ್ವರ್‌ನ) ಮೆಮೊರಿ ಬಳಕೆ ಕ್ಲೌಡ್‌ವಾಚ್‌ನಲ್ಲಿ ತಾನಾಗಿ ಕಾಣುವುದಿಲ್ಲ, ಯಂತ್ರದೊಳಗೆ ಏಜೆಂಟ್ ಎಂಬ ಸಣ್ಣ ತಂತ್ರಾಂಶ ಹಾಕಬೇಕು. ಅಜೂರ್‌ನಲ್ಲಿ ಲಭ್ಯ ಮೆಮೊರಿ ಏಜೆಂಟ್ ಇಲ್ಲದೆಯೇ ಸಿಗುತ್ತದೆ. ಸಿಪಿಯು ಮಾತ್ರ ನೋಡಿ ಯಂತ್ರ ಇಳಿಸುವವರು ಒಂದೇ ಏಟಿಗೆ ಮೆಮೊರಿಯನ್ನೂ ಅರ್ಧ ಮಾಡುತ್ತಾರೆ. ಮೆಮೊರಿ ಹೆಚ್ಚು ಬೇಡುವ ಜಾವಾ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಓಡುವ ಕಡೆ ಅದರ ಫಲ ಬೇಗ ಗೊತ್ತಾಗುತ್ತದೆ. ಮೆಮೊರಿ ಅಳೆಯದೆ ಯಾವ ಯಂತ್ರವನ್ನೂ ಇಳಿಸಬೇಡಿ. ಈ ಒಂದು ವಿಷಯದಲ್ಲಿ ನನಗೆ ಎರಡನೇ ಮಾತಿಲ್ಲ.

ಒಂದು ಲಾಟ್‌ಗೆ ಎಷ್ಟು ಬಿತ್ತು?

ಬ್ಯಾಡಗಿ ದಲ್ಲಾಳಿಗೆ ಚೀಲಕ್ಕೆ ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು ಎಂಬುದು ಬಾಯಲ್ಲೇ ಇರುತ್ತದೆ. ಸರ್ವರ್ ಖರ್ಚನ್ನೂ ಅದೇ ಸಾಲಿಗೆ ತಂದು ನಿಲ್ಲಿಸಿ. ತಿಂಗಳ ಬಿಲ್ ಭಾಗಿಸು ಆ ತಿಂಗಳು ನಡೆದ ಕೆಲಸ. ಪೇಟೆಗೆ ಲಾಟ್, ಸಂಘಕ್ಕೆ ಲೆಡ್ಜರ್ ನಮೂದು, ಕೋಚಿಂಗ್‌ಗೆ ಬರೆದು ಮುಗಿಸಿದ ಟೆಸ್ಟ್, ಗಾಳಿಯಂತ್ರಕ್ಕೆ ಒಂದು ಟರ್ಬೈನ್-ದಿನ. ಮಾಲೀಕರು ಮೊದಲೇ ಎಣಿಸುತ್ತಿರುವ ಏನನ್ನಾದರೂ ಆರಿಸಿಕೊಳ್ಳಿ. ಎಪಿಐ ಕರೆ, ರಿಕ್ವೆಸ್ಟ್ ಎಂದು ಹೊಸದನ್ನು ಹುಟ್ಟಿಸಿದರೆ ಎಂಜಿನಿಯರ್ ಬಿಟ್ಟು ಇನ್ನಾರೂ ಆ ಹಾಳೆ ತೆರೆಯುವುದಿಲ್ಲ.

ಲೆಕ್ಕಕ್ಕೆಂದು ಹೀಗೆ ಇಟ್ಟುಕೊಳ್ಳೋಣ. ಜನವರಿ ಬಿಲ್ 40,000 ರೂಪಾಯಿ, ಲಾಟ್ 20,000. ಮಾರ್ಚ್ ಬಿಲ್ 54,000, ಲಾಟ್ 36,000. ಜೂನ್ ಬಿಲ್ 33,000, ಲಾಟ್ 1,500. ಲಾಟ್‌ಗೆ ಬಿದ್ದದ್ದು ಕ್ರಮವಾಗಿ 2 ರೂಪಾಯಿ, 1.50 ರೂಪಾಯಿ, 22 ರೂಪಾಯಿ.

ಬಿಲ್ ಮಾತ್ರ ನೋಡಿದವರು ಮಾರ್ಚ್‌ನಲ್ಲಿ ಗಾಬರಿಯಾಗುತ್ತಾರೆ, ಜೂನ್‌ನಲ್ಲಿ ಸಮಾಧಾನಪಡುತ್ತಾರೆ. ಲಾಟ್ ಲೆಕ್ಕ ನೋಡಿದವರಿಗೆ ಮಾರ್ಚ್ ಒಳ್ಳೆಯ ತಿಂಗಳು. ಜೂನ್‌ನ 22 ರೂಪಾಯಿಗೆ ಅರ್ಥವೇ ಇಲ್ಲ, ಭಾಜಕ ಸೊನ್ನೆಯ ಹತ್ತಿರ ಹೋದಾಗ ಈ ಲೆಕ್ಕ ಕೈಕೊಡುತ್ತದೆ. ಆದರೆ ಜೂನ್ ಬೇರೊಂದು ಕೆಲಸಕ್ಕೆ ಬರುತ್ತದೆ. ಅಂಗಡಿ ಬಹುತೇಕ ಮುಚ್ಚಿದ್ದರೂ ಬಿದ್ದ 33,000 ನಿಮ್ಮ ನಿಂತ ಖರ್ಚು. ಅದನ್ನು ಎರಡೂ ತಿಂಗಳಿಂದ ಕಳೆಯಿರಿ. ಜನವರಿಯಲ್ಲಿ ಕೆಲಸದಿಂದಲೇ ಏರಿದ್ದು 7,000, ಲಾಟ್‌ಗೆ 35 ಪೈಸೆ. ಮಾರ್ಚ್‌ನಲ್ಲಿ 21,000, ಲಾಟ್‌ಗೆ 58 ಪೈಸೆ.

ಈಗ ಚಿತ್ರ ತಿರುಗಿತು. ಒಟ್ಟು ಖರ್ಚು ಲಾಟ್‌ಗೆ ಇಳಿದಿದ್ದರೂ ಪ್ರತಿ ಹೊಸ ಲಾಟ್ ಮೊದಲಿಗಿಂತ ದುಬಾರಿಯಾಗುತ್ತಿದೆ. ಕೆಲಸ ಬೆಳೆದಂತೆ ಏನೋ ಒಂದು ಅದಕ್ಕಿಂತ ವೇಗವಾಗಿ ಬೆಳೆಯುತ್ತಿದೆ. ನೋಡಬೇಕಾದ ಕಡೆಗಳು ಗೊತ್ತಿರುವಂಥವೇ: ಇಂಡೆಕ್ಸ್ ಇಲ್ಲದ ದೊಡ್ಡ ಟೇಬಲ್ ಹುಡುಕಾಟ, ಪ್ರತಿ ಸಣ್ಣ ವಿವರವನ್ನೂ ಬರೆಯುವ ಡೀಬಗ್ ಮಟ್ಟದಲ್ಲೇ ಬಿಟ್ಟ ಲಾಗ್, ನ್ಯಾಟ್ ಗೇಟ್‌ವೇ (ಒಳಗಿನ ಯಂತ್ರಗಳನ್ನು ಹೊರಗಿನ ಇಂಟರ್ನೆಟ್‌ಗೆ ಜೋಡಿಸುವ ದ್ವಾರ) ಮೂಲಕ ಸುತ್ತಿ ಬರುವ ಎಸ್3 (ಎಡಬ್ಲ್ಯುಎಸ್‌ನ ಫೈಲ್ ಸಂಗ್ರಹ) ಫೈಲ್‌ಗಳು. ಕೊನೆಯದಕ್ಕೆ ಎಸ್3 ಗೇಟ್‌ವೇ ಎಂಡ್‌ಪಾಯಿಂಟ್ ಎಂಬ ನೇರ ದಾರಿ ಹಾಕಿದರೆ ಆ ದಾರಿಯ ಜಿಬಿ ಲೆಕ್ಕದ ಶುಲ್ಕ ನಿಲ್ಲುತ್ತದೆ, ಎಂಡ್‌ಪಾಯಿಂಟ್‌ಗೆ ಬೇರೆ ಶುಲ್ಕವಿಲ್ಲ. ಇನ್ನು ನಿಂತ ಖರ್ಚಾದ 33,000ದಲ್ಲಿ ಉಳಿಸುವ ದಾರಿಗಳು ಪೂರ್ತಿ ಬೇರೆ: ಯಂತ್ರದ ಗಾತ್ರ, ಡಿಸ್ಕ್, ಮುಂಗಡ ಒಪ್ಪಂದ. ಎರಡನ್ನೂ ಒಂದೇ ಮೊತ್ತದಲ್ಲಿ ಕಲಸಿಟ್ಟರೆ ಯಾವ ಮದ್ದು ಯಾವುದಕ್ಕೆ ಎಂಬುದೇ ತಿಳಿಯುವುದಿಲ್ಲ.

ಇದಕ್ಕೆಲ್ಲ ಟೂಲ್ ಏನು ಬೇಕು? ಡೇಟಾಬೇಸ್‌ನಲ್ಲಿ ಒಂದು ಕೌಂಟ್ ಪ್ರಶ್ನೆ, ಒಂದು ಸ್ಪ್ರೆಡ್‌ಶೀಟ್. ಅಷ್ಟೇ.

ಟೂಲ್‌ಗಳ ಹೋಲಿಕೆ

ಬಿಲ್ ನೋಡುವ ಟೂಲ್‌ಗಳು ಎಲ್ಲರಿಗೂ ಬೇಕು. ಎಡಬ್ಲ್ಯುಎಸ್‌ನ ಕಾಸ್ಟ್ ಎಕ್ಸ್‌ಪ್ಲೋರರ್, ಅಜೂರ್‌ನ ಕಾಸ್ಟ್ ಮ್ಯಾನೇಜ್‌ಮೆಂಟ್, ಗೂಗಲ್‌ನಲ್ಲಿ ಬಿಗ್‌ಕ್ವೆರಿಗೆ ಬಿಲ್ ಇಳಿಸುವ ಸೌಲಭ್ಯ. ಎಷ್ಟು, ಯಾವುದಕ್ಕೆ ಎಂಬುದನ್ನು ಇವು ಹೇಳುತ್ತವೆ. ಏಕೆ ಎಂದು ಹೇಳವು. ಅಂಕಿಗಳು ಒಂದು ದಿನದಷ್ಟು ಹಿಂದೆ ಇರುತ್ತವೆ, ಹಾಗಾಗಿ ಸೋಮವಾರದ ತೊಂದರೆಯನ್ನು ಸೋಮವಾರವೇ ಹಿಡಿಯಲು ಇವು ಬಾರವು. ಬಜೆಟ್ ಎಚ್ಚರಿಕೆ ಹಾಕಿದರೆ ಮೇಲ್ ಬರುತ್ತದೆ, ಖರ್ಚು ತಾನಾಗಿ ನಿಲ್ಲುವುದಿಲ್ಲ. ಇದನ್ನು ತಿಳಿಯದೆ ಬಜೆಟ್ ಹಾಕಿ ನಿಶ್ಚಿಂತೆಯಾಗಿರುವವರು ಇನ್ನೂ ಇದ್ದಾರೆ. ಟ್ಯಾಗ್ ಮಾತ್ರ ಮೊದಲ ದಿನದಿಂದಲೇ ಹಚ್ಚಿ: ಯಾವ ಗ್ರಾಹಕರದ್ದು, ಅಸಲಿಯೋ ಪರೀಕ್ಷೆಯದೋ. ಯಂತ್ರಕ್ಕೆ ಇಂದು ಹಚ್ಚಿದ ಟ್ಯಾಗ್ ನಿನ್ನೆಯ ಖರ್ಚನ್ನು ತಾನಾಗಿ ವಿಂಗಡಿಸುವುದಿಲ್ಲ.

ಕ್ಲೌಡ್ ಕಂಪನಿಯದೇ ಮೆಟ್ರಿಕ್ ಸೇವೆಯಲ್ಲಿ ನಮ್ಮಂಥವರು ಹೋಲಿಸಬೇಕಾದ್ದು ಒಂದೇ ಸಂಗತಿ, ಹಳೆಯ ಅಂಕಿ ಎಷ್ಟು ದಿನ ಉಳಿಯುತ್ತದೆ ಎಂಬುದು. ಕ್ಲೌಡ್‌ವಾಚ್‌ನಲ್ಲಿ ಒಂದು ನಿಮಿಷದ ಅಂಕಿ 15 ದಿನ, ಐದು ನಿಮಿಷದ್ದು 63 ದಿನ, ಒಂದು ಗಂಟೆಯದ್ದು 455 ದಿನ. ಅಂದರೆ ಈ ಡಿಸೆಂಬರ್‌ನಲ್ಲಿ ಕೂತು ಹೋದ ಫೆಬ್ರವರಿಯ ಗುರುವಾರಗಳನ್ನು ನೋಡಬಹುದು, ಆದರೆ ಗಂಟೆಯ ಲೆಕ್ಕದಲ್ಲಿ ಮಾತ್ರ. ಅಜೂರ್ ಮಾನಿಟರ್‌ನಲ್ಲಿ ಯಂತ್ರದ ಮೆಟ್ರಿಕ್‌ಗಳು 93 ದಿನ. ಅಲ್ಲಿರುವವರಿಗೆ ಆಗಸ್ಟ್ ಹೊತ್ತಿಗೆ ಸೀಸನ್ನಿನ ಗುರುತೂ ಸಿಗುವುದಿಲ್ಲ, ಬೇರೆಡೆ ಇಳಿಸಿಟ್ಟುಕೊಂಡಿರಬೇಕು. ಸೀಸನ್ ವ್ಯಾಪಾರದವರಿಗೆ ಇದೊಂದೇ ವ್ಯತ್ಯಾಸ ಉಳಿದೆಲ್ಲ ಸೌಲಭ್ಯಗಳಿಗಿಂತ ತೂಕದ್ದು. ಇಸಿ2ಗೆ ಉಚಿತವಾಗಿ ಸಿಗುವುದು ಐದು ನಿಮಿಷದ ಅಂಕಿ. ಪೇಟೆಗೂ ಸಂಘಕ್ಕೂ ಅದು ಧಾರಾಳ ಸಾಕು. 10.00ಕ್ಕೆ ಶುರುವಾಗುವ ಟೆಸ್ಟ್‌ಗೆ ಸಾಲದು, ಅಲ್ಲಿ ಒಂದು ನಿಮಿಷದ್ದಕ್ಕೆ ದುಡ್ಡು ಕೊಡುವುದು ನ್ಯಾಯ.

ಕ್ಲೌಡ್‌ವಾಚ್‌ನ ಬಿಲ್ಲೇ ಬೆಳೆದುಬಿಡುವ ಅಪಾಯವೂ ಇದೆ. ನಿಮ್ಮದೇ ಮೆಟ್ರಿಕ್ ಕಳಿಸಿದರೆ ಮೊದಲ ಹತ್ತು ಉಚಿತ, ಆಮೇಲೆ ತಿಂಗಳಿಗೆ ತಲಾ 30 ಸೆಂಟ್. ಪ್ರತಿ ಅಂಗಡಿಗೊಂದು, ಪ್ರತಿ ಪುಟಕ್ಕೊಂದು ಎಂದು ಒಡೆಯುತ್ತ ಹೋದರೆ ನೂರು ಅಂಗಡಿ ಗುಣಿಸು ಎಂಟು ಪುಟ, 240 ಡಾಲರ್ ಹತ್ತಿರ ಬರುತ್ತದೆ. ಲಾಗ್‌ಗಳನ್ನು ಇಷ್ಟು ದಿನ ಇಟ್ಟು ಅಳಿಸು ಎಂದು ಹೇಳದಿದ್ದರೆ ಅವು ಎಂದೆಂದಿಗೂ ಉಳಿಯುತ್ತವೆ.

ಅಂಕಿ ಸಂಗ್ರಹಿಸುವ ಪ್ರೊಮೀಥಿಯಸ್ ಮತ್ತು ಅದನ್ನು ಚಿತ್ರವಾಗಿ ತೋರಿಸುವ ಗ್ರಾಫಾನಾ ಜೋಡಿಗೆ ಲೈಸೆನ್ಸ್ ಖರ್ಚಿಲ್ಲ. ಮೆಟ್ರಿಕ್ ಎಷ್ಟು ಬೇಕಾದರೂ ಒಡೆಯಬಹುದು, ವ್ಯಾಪಾರದ ಎಣಿಕೆಗಳನ್ನೂ ಸಿಪಿಯು ಪಕ್ಕದಲ್ಲೇ ಒಂದೇ ಗೆರೆಯಲ್ಲಿ ನೋಡಬಹುದು. ಕುಬರ್ನೆಟೀಸ್ (ತಂತ್ರಾಂಶಗಳನ್ನು ಯಂತ್ರಗಳ ಗುಂಪಿನ ಮೇಲೆ ಹಂಚಿ ನಡೆಸುವ ವ್ಯವಸ್ಥೆ) ಓಡಿಸುವವರಿಗೆ ಇದು ಹೆಚ್ಚುಕಡಿಮೆ ಕಡ್ಡಾಯ. ಅಲ್ಲಿ ಕೇಳಿಟ್ಟುಕೊಂಡ ಸಿಪಿಯುಗೂ ನಿಜಕ್ಕೂ ಬಳಸಿದ್ದಕ್ಕೂ ಇರುವ ಅಂತರವೇ ಪೋಲಾಗುವ ದುಡ್ಡು, ಬಿಲ್‌ನಲ್ಲಿ ಆ ಅಂತರ ಕಾಣುವುದೇ ಇಲ್ಲ. ಓಪನ್‌ಕಾಸ್ಟ್ ಎಂಬ ಮುಕ್ತ ತಂತ್ರಾಂಶ ಅದನ್ನು ತಂಡವಾರು ಹಂಚಿ ತೋರಿಸುತ್ತದೆ. ಇತ್ತ ಪ್ರೊಮೀಥಿಯಸ್ ತಾನಾಗಿ ಅಂಕಿ ಇಟ್ಟುಕೊಳ್ಳುವುದು 15 ದಿನ ಮಾತ್ರ, ಬದಲಿಸದಿದ್ದರೆ ಸೀಸನ್ನಿನ ದಾಖಲೆ ಇಲ್ಲೂ ಹಾರಿಹೋಗುತ್ತದೆ. ಅದನ್ನು ಓಡಿಸಲು ಒಂದು ಯಂತ್ರ, ಡಿಸ್ಕ್ ತುಂಬಿದಾಗ ಏಳುವ ಒಬ್ಬ ಮನುಷ್ಯ ಬೇಕು. ಯಂತ್ರಗಳು ನಾಲ್ಕೈದು ದಾಟದ ಕಂಪನಿಗೆ ಈ ತಾಪತ್ರಯ ಬೇಡವೆಂದೇ ನನ್ನ ಮತ.

ಯಂತ್ರಕ್ಕಿಷ್ಟು ಎಂದು ಡಾಲರ್‌ನಲ್ಲಿ ಬಾಡಿಗೆ ಪಡೆಯುವ ಹೊರಗಿನ ಸೇವೆಗಳು ಚೆಂದ, ತೋರಿಸುವುದೂ ಬಹಳ. ಆದರೆ ಎಡಬ್ಲ್ಯುಎಸ್‌ನ ಅಗ್ಗದ ಟಿ3 ಬಗೆಯ ಸಣ್ಣ ಯಂತ್ರದ ತಿಂಗಳ ಬಾಡಿಗೆಯಷ್ಟನ್ನೇ ಅದನ್ನು ನೋಡಲು ಕೊಟ್ಟಂತಾಗುತ್ತದೆ. ದೊಡ್ಡ ಯಂತ್ರಗಳಿರುವವರಿಗೆ, ಎರಡು ಮೂರು ಕ್ಲೌಡ್‌ಗಳಲ್ಲಿ ಹರಡಿಕೊಂಡವರಿಗೆ ಮಾತ್ರ ಲೆಕ್ಕ ಕೂಡಿಬರುತ್ತದೆ.

ಮೆಟ್ರಿಕ್ ಓದಿ ದರದ ಯೋಜನೆ ಆರಿಸುವುದು

ಪೇಟೆ ದಿನದ ಲೋಡ್‌ಗೆ ಎರಡು ದಾರಿ: ಎಡಬ್ಲ್ಯುಎಸ್‌ನ ಟಿ3ಯಂಥ ಕ್ರೆಡಿಟ್ ಯಂತ್ರವನ್ನು (ಬಿಡುವಿದ್ದಾಗ ಸಿಪಿಯು ಸಮಯ ಕೂಡಿಟ್ಟು ಬೇಕಾದಾಗ ಖರ್ಚು ಮಾಡುವಂಥದ್ದು) ವಾರವಿಡೀ ಓಡಿಸುವುದು, ಅಥವಾ ಪೇಟೆ ಇಲ್ಲದಾಗ ಯಂತ್ರ ನಿಲ್ಲಿಸುವುದು. ಎರಡನ್ನೂ ಬೆರೆಸಿದರೆ ಏನಾಗುತ್ತದೆ ಎಂಬುದು ಕುತೂಹಲದ ಲೆಕ್ಕ.

ಟಿ3 ಮೀಡಿಯಂಗೆ ಎರಡು ವರ್ಚುವಲ್ ಸಿಪಿಯು. ಗಂಟೆಗೆ 24 ಕ್ರೆಡಿಟ್ ಸೇರುತ್ತದೆ, ಹೆಚ್ಚೆಂದರೆ 576 ಕೂಡಿಡಬಹುದು. ಒಂದು ಕ್ರೆಡಿಟ್ ಎಂದರೆ ಒಂದು ಸಿಪಿಯು ಒಂದು ನಿಮಿಷ ಪೂರ್ತಿ ಓಡುವುದು. ಸೋಮವಾರ ಶೇ. 70ರಲ್ಲಿ ಓಡಿದರೆ ಗಂಟೆಗೆ ಖರ್ಚು 84, ಜಮೆ 24, ನಿವ್ವಳ 60 ಇಳಿಯುತ್ತದೆ. ತುಂಬಿದ ಖಾತೆ 9 ಗಂಟೆಗೂ ಮೀರಿ ಬರುತ್ತದೆ, 8 ಗಂಟೆಯ ಪೇಟೆ ದಾಟಿತು. ಇಳಿದ 480 ಕ್ರೆಡಿಟ್ ಮಂದ ಹೊತ್ತಿನಲ್ಲಿ ಗಂಟೆಗೆ 19ರಂತೆ ತುಂಬಿಕೊಳ್ಳಲು ಸುಮಾರು 25 ಗಂಟೆ ಸಾಕು. ಗುರುವಾರ ಬೆಳಗಾಗುವುದರೊಳಗೆ ಖಾತೆ ಮತ್ತೆ ಭರ್ತಿ. ಬ್ಯಾಡಗಿಯ ವಾರಕ್ಕೆ ಅಳೆದು ಹೊಲಿದಂತೆ ಕೂಡುತ್ತದೆ. ಇಲ್ಲಿ ನೋಡಬೇಕಾದ ಮೆಟ್ರಿಕ್ ಕ್ರೆಡಿಟ್ ಬ್ಯಾಲೆನ್ಸ್. ಬುಧವಾರ ರಾತ್ರಿ ಅದು ತುಂಬಿರದಿದ್ದರೆ ಯಂತ್ರ ಸಣ್ಣದಾಗಿದೆ ಎಂದರ್ಥ.

ಈಗ ಶುಕ್ರವಾರ ಯಂತ್ರ ನಿಲ್ಲಿಸಿದಿರಿ ಎನ್ನಿ. ನಿಂತ ಯಂತ್ರಕ್ಕೆ ಕ್ರೆಡಿಟ್ ಸೇರುವುದಿಲ್ಲ. ಇದ್ದದ್ದು ಏಳು ದಿನ ಉಳಿಯುತ್ತದೆ, ಅಷ್ಟೇ. ಸೋಮವಾರ ಖಾಲಿ ಖಾತೆಯಿಂದ ಶುರು ಮಾಡಿದರೂ ಟಿ3 ನಿಧಾನವಾಗುವುದಿಲ್ಲ, ಏಕೆಂದರೆ ಸಾಮಾನ್ಯವಾಗಿ ಅದು ಅನ್‌ಲಿಮಿಟೆಡ್ ಮೋಡ್‌ನಲ್ಲಿರುತ್ತದೆ. ಲಿನಕ್ಸ್‌ನಲ್ಲಿ ಹೆಚ್ಚುವರಿ ಪ್ರತಿ ಸಿಪಿಯು-ಗಂಟೆಗೆ 5 ಸೆಂಟ್ ಹಾಕುತ್ತದೆ. ಗಂಟೆಗೆ 60 ಕ್ರೆಡಿಟ್ ಕೊರತೆ ಎಂದರೆ ಒಂದು ಸಿಪಿಯು-ಗಂಟೆ. ಎಂಟು ಗಂಟೆಗೆ 40 ಸೆಂಟ್, ಎರಡು ಪೇಟೆಗೆ 80. ಮುಂಬೈ ರೀಜನ್‌ನಲ್ಲಿ ಟಿ3 ಮೀಡಿಯಂ ಗಂಟೆಗೆ ಸುಮಾರು 4.5 ಸೆಂಟ್. ವಾರವಿಡೀ ಓಡಿಸಿದರೆ 7.5 ಡಾಲರ್ ಆಸುಪಾಸು. 16 ಗಂಟೆ ಮಾತ್ರ ಓಡಿಸಿ ಆ 80 ಸೆಂಟ್ ದಂಡ ತೆತ್ತರೂ ಒಂದೂವರೆ ಡಾಲರ್. ಕ್ರೆಡಿಟ್ ಹೋಗುತ್ತದೆ ಎಂದು ಹೆದರಿ ಯಂತ್ರ ನಿಲ್ಲಿಸದವರು ಈ ಗುಣಾಕಾರ ಮಾಡಿಲ್ಲ. ಡಿಸ್ಕ್ ಬಾಡಿಗೆ ಎರಡರಲ್ಲೂ ಓಡುತ್ತಲೇ ಇರುತ್ತದೆ. ರೈತರು ಮಂಗಳವಾರ ಪಟ್ಟಿ ಕೇಳಲು ಬರುತ್ತಾರೆ ಎಂದಾದರೆ ಮಾತ್ರ ನಿಲ್ಲಿಸುವ ಯೋಚನೆ ಬಿಡಿ, ಅದು ವ್ಯಾಪಾರದ ತೀರ್ಮಾನ.

ಡೇಟಾಬೇಸ್ ಆರ್‌ಡಿಎಸ್ ಎಂಬ ಎಡಬ್ಲ್ಯುಎಸ್‌ನ ಡೇಟಾಬೇಸ್ ಸೇವೆಯಲ್ಲಿದ್ದರೆ ಒಂದು ಮಾತು ನೆನಪಿಡಿ. ನಿಲ್ಲಿಸಿದ ಆರ್‌ಡಿಎಸ್ ಏಳು ದಿನಕ್ಕೆ ತಾನಾಗಿ ಏಳುತ್ತದೆ. ಜೂನ್‌ನಲ್ಲಿ ನಿಲ್ಲಿಸಿ ಡಿಸೆಂಬರ್‌ವರೆಗೆ ಮರೆತವರಿಗೆ ಬಿಲ್ ನೆನಪಿಸುತ್ತದೆ.

ಮಾಕ್ ಟೆಸ್ಟ್‌ಗೆ ಆಟೋಸ್ಕೇಲಿಂಗ್ ಎಂದು ಎಲ್ಲರೂ ಹೇಳುತ್ತಾರೆ. ಸಿಪಿಯು ಏರಿದ್ದನ್ನು ನೋಡಿ, ಹೊಸ ಯಂತ್ರ ಎಬ್ಬಿಸಿ, ಅದು ಸಿದ್ಧವಾಗುವ ಹೊತ್ತಿಗೆ ಕೆಲವು ನಿಮಿಷ ಕಳೆದಿರುತ್ತವೆ, ವಿದ್ಯಾರ್ಥಿಗಳು ಆಗಲೇ ವಾಟ್ಸ್‌ಆ್ಯಪ್‌ನಲ್ಲಿ ಬೈಯಲು ಶುರು ಮಾಡಿರುತ್ತಾರೆ. ಸಮಯ ಮೊದಲೇ ಗೊತ್ತಿರುವಾಗ ವೇಳಾಪಟ್ಟಿ ಸ್ಕೇಲಿಂಗ್ ವಾಸಿ: 9.45ಕ್ಕೆ ಏರಿಸು, 12.15ಕ್ಕೆ ಇಳಿಸು. ಸರ್ವರ್ ಇಟ್ಟುಕೊಳ್ಳದೆ ಕೋಡ್ ಓಡಿಸುವ ಎಡಬ್ಲ್ಯುಎಸ್‌ನ ಲ್ಯಾಂಬ್ಡಾ ಇನ್ನೊಂದು ಆಯ್ಕೆ, ಕೆಲಸವಿಲ್ಲದಾಗ ಖರ್ಚಿಲ್ಲ, 2020ರ ಡಿಸೆಂಬರ್‌ನಿಂದ ಮಿಲಿಸೆಕೆಂಡ್ ಲೆಕ್ಕದಲ್ಲೇ ಬಿಲ್. ಅದರಲ್ಲಿ ಮೆಮೊರಿ ಹೆಚ್ಚಿಸಿದರೆ ಸಿಪಿಯು ಪಾಲೂ ಹೆಚ್ಚುತ್ತದೆ, 1,769 ಎಂಬಿಗೆ ಪೂರ್ತಿ ಒಂದು ಸಿಪಿಯು. 512 ಎಂಬಿಯಲ್ಲಿ 800 ಮಿಲಿಸೆಕೆಂಡ್ ಹಿಡಿಯುವ ಕೆಲಸ 1,024ರಲ್ಲಿ 380ಕ್ಕೆ ಮುಗಿದರೆ ದುಪ್ಪಟ್ಟು ಮೆಮೊರಿಯೇ ಅಗ್ಗ. ಆದ್ದರಿಂದ ಇಲ್ಲಿ ಎರಡು ಅಂಕಿ ಗುಣಿಸಿ ನೋಡಬೇಕು, ಬರೀ ಮೆಮೊರಿ ಇಳಿಸುವುದರಲ್ಲಿ ಜಾಣತನವಿಲ್ಲ.

ಗಾಳಿಯಂತ್ರದ ಡೇಟಾಕ್ಕೆ ಡಿಸ್ಕ್ ಹಳೆಯ ಜಿಪಿ2 ಬಗೆಯದಾಗಿದ್ದರೆ ಹೊಸ ಜಿಪಿ3ಗೆ ಬದಲಿಸಿ, ಜಿಬಿ ದರ ಶೇ. 20ರವರೆಗೆ ಕಡಿಮೆ, ಯಂತ್ರ ನಿಲ್ಲಿಸದೆ ಆಗುತ್ತದೆ. ಹಳೆಯ ಫೈಲ್‌ಗಳನ್ನು ಎಸ್3ಯ ಅಗ್ಗದ ಇನ್‌ಫ್ರೀಕ್ವೆಂಟ್ ಆ್ಯಕ್ಸೆಸ್ ವರ್ಗಕ್ಕೆ ಕಳಿಸುವ ಮುನ್ನ ಸಣ್ಣವನ್ನು ದಿನಕ್ಕೊಂದಾಗಿ ಒಟ್ಟುಗೂಡಿಸಿ. ಅಲ್ಲಿ 2 ಕೆಬಿ ಫೈಲ್‌ಗೂ 128 ಕೆಬಿ ಬಾಡಿಗೆ, ಮೂವತ್ತು ದಿನಕ್ಕೆ ಮೊದಲೇ ಅಳಿಸಿದರೂ ಮೂವತ್ತು ದಿನದ್ದೇ.

ಮುಂಗಡ ಒಪ್ಪಂದ

ಒಂದು ಅಥವಾ ಮೂರು ವರ್ಷಕ್ಕೆ ಗಂಟೆಗೆ ಇಷ್ಟು ಖರ್ಚು ಮಾಡುತ್ತೇವೆಂದು ಬರೆದುಕೊಡುವ ಸೇವಿಂಗ್ಸ್ ಪ್ಲಾನ್‌ಗಳಲ್ಲಿ ಶೇ. 72ರವರೆಗೆ ರಿಯಾಯಿತಿ ಎಂಬ ಜಾಹೀರಾತು ಇದೆ. ಅದು ಅತಿ ಕಟ್ಟುನಿಟ್ಟಿನ ಷರತ್ತಿನ ಕೊನೆಯ ತುದಿ, ಅದನ್ನಿಟ್ಟುಕೊಂಡು ಬಜೆಟ್ ಮಾಡಬೇಡಿ. ಬಳಸಿದರೂ ಬಿಟ್ಟರೂ ಆ ದುಡ್ಡು ಕೊಡಲೇಬೇಕು. ಕನ್ಸೋಲ್ ಕೊಡುವ ಶಿಫಾರಸು ಹಿಂದಿನ 7, 30 ಅಥವಾ 60 ದಿನದ ಬಳಕೆ ನೋಡಿ ಬರುತ್ತದೆ. ಮಾರ್ಚ್‌ನಲ್ಲಿ 60 ದಿನ ಎಂದರೆ ಅಪ್ಪಟ ಸೀಸನ್, ಅದನ್ನು ನಂಬಿ ಕೊಂಡರೆ ಜೂನ್‌ನಿಂದ ಡಿಸೆಂಬರ್‌ವರೆಗೆ ಖಾಲಿ ಯಂತ್ರಕ್ಕೆ ಬಾಡಿಗೆ ಕಟ್ಟುತ್ತೀರಿ. ಆಗಸ್ಟ್‌ನ 14 ದಿನ ಯಂತ್ರ ಕಿರಿದು ಮಾಡು ಎಂದಿತು, ಮಾರ್ಚ್‌ನ 60 ದಿನ ಒಪ್ಪಂದ ಹಿರಿದು ಮಾಡು ಎನ್ನುತ್ತದೆ. ವರ್ಷದ ಅತಿ ಮಂದ ತಿಂಗಳಲ್ಲಿ ಗಂಟೆಗೆ ಎಷ್ಟು ಬಳಕೆ ಇದೆಯೋ ಅಷ್ಟಕ್ಕೆ ಮಾತ್ರ ಬರೆದುಕೊಡಿ. ಸಹಕಾರ ಸಂಘ ಮತ್ತು ಗಾಳಿಯಂತ್ರದವರಿಗೆ ಇದು ಕಣ್ಣುಮುಚ್ಚಿ ಕೊಳ್ಳುವಂಥದು, ಕೋಚಿಂಗ್‌ನವರಿಗೆ ಬೇಡವೇ ಬೇಡ.

ಇನ್ನು ರೂಪಾಯಿ ವಿಷಯ. ದರಗಳು ಡಾಲರ್‌ನಲ್ಲಿ, ಬಿಲ್ ರೂಪಾಯಿಯಲ್ಲಿ, ಮೇಲೆ ಶೇ. 18 ಜಿಎಸ್‌ಟಿ. ಬಳಕೆ ಒಂದಿಷ್ಟೂ ಬದಲಾಗದೆ ವಿನಿಮಯ ದರದಿಂದಲೇ ಬಿಲ್ ಏರಬಹುದು. ಹಾಗಾಗಿ ಎಂಜಿನಿಯರ್ ಹಾಳೆಯಲ್ಲಿ ಲಾಟ್‌ಗೆ ಎಷ್ಟು ಸೆಂಟ್, ಮಾಲೀಕರ ಹಾಳೆಯಲ್ಲಿ ಎಷ್ಟು ಪೈಸೆ ಎಂದು ಎರಡೂ ಇರಲಿ. ಜಿಎಸ್‌ಟಿ ನೋಂದಣಿ ಇರುವ ಕಂಪನಿ ತೆರಿಗೆ ಕಟ್ಟುವಾಗ ಆ ಶೇ. 18ನ್ನು ಹೂಡುವಳಿ ತೆರಿಗೆ ಜಮೆಯಾಗಿ (ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್) ಹಿಂಪಡೆಯಬಹುದು. ನೋಂದಣಿ ಇಲ್ಲದ ಸಂಘವೇ ನೇರ ಖಾತೆ ತೆರೆದಿದ್ದರೆ ಅದು ಪೂರ್ತಿ ಖರ್ಚು. ಮುಂಬೈಯೋ ಹೈದರಾಬಾದೋ ಎಂದು ಕೇಳುವವರಿಗೆ: ಎಡಬ್ಲ್ಯುಎಸ್ ಮುಂಬೈಯಲ್ಲಿ 2016ರಿಂದ, ಹೈದರಾಬಾದ್‌ನಲ್ಲಿ 2022ರಿಂದ ಇದೆ. ನಿಮಗೆ ಬೇಕಾದ ಯಂತ್ರದ ದರವನ್ನು ಎರಡೂ ಕಡೆ ಹೋಲಿಸಿ, ಆದರೆ ಒಂದರಲ್ಲಿ ಡೇಟಾಬೇಸ್ ಇನ್ನೊಂದರಲ್ಲಿ ವೆಬ್ ಸರ್ವರ್ ಇಡಬೇಡಿ, ನಡುವಿನ ಸಾಗಣೆಗೂ ಜಿಬಿ ಲೆಕ್ಕದಲ್ಲಿ ಬಿಲ್ ಬರುತ್ತದೆ.

ತಿಂಗಳಿಗೆ ಐದು ಸಾವಿರ ಮೀರದ ಬಿಲ್ ನಿಮ್ಮದಾದರೆ ಇದರಲ್ಲಿ ಮುಕ್ಕಾಲು ಪಾಲು ಬಿಟ್ಟುಬಿಡಿ. ಒಂದು ಬಜೆಟ್ ಎಚ್ಚರಿಕೆ, ಮೆಮೊರಿ ಏಜೆಂಟ್, ಲಾಗ್‌ಗೆ ಮೂವತ್ತು ದಿನದ ಮಿತಿ, ಇಷ್ಟು ಒಂದು ಮಧ್ಯಾಹ್ನದ ಕೆಲಸ. ಅದರಾಚೆ ಉಳಿಯುವ ದುಡ್ಡಿಗಿಂತ ಎಂಜಿನಿಯರ್‌ನ ಸಮಯವೇ ದುಬಾರಿ.